ಕಾಗೆಬಂಗಾರದ ನಾಡಿನಲ್ಲಿ

ಹೌರಾದಿಂದ ಗಯಾ ಕಡೆಗೆ ಹೊರಟ ರೈಲು ಗೋಮೊ ಜಂಕ್ಷನ್ ದಾಟುತ್ತಿದ್ದಂತೆ ಕಿಟಕಿಯಾಚೆ ಗುಡ್ಡಗಳು ಹತ್ತಿರವಾಗತೊಡಗುತ್ತವೆ. ಪಾರಸನಾಥ ನಿಲ್ದಾಣ ಬಂದಾಗ ಗಂಟುಮೂಟೆಗಳೊಂದಿಗೆ ಯಾತ್ರಿಕರು ಇಳಿಯುತ್ತಾರೆ. ಇಪ್ಪತ್ತು ಮಂದಿ ತೀರ್ಥಂಕರರು ಮೋಕ್ಷ ಪಡೆದರೆಂದು ಜೈನರು ನಂಬುವ ಸಮ್ಮೇದ ಶಿಖರ ಇರುವುದು ಇಲ್ಲಿಯೇ. ಜಾರ್ಖಂಡದ ಅತಿ ಎತ್ತರದ ಬೆಟ್ಟ ಇದು. ಶ್ರವಣಬೆಳಗೊಳ, ಮೂಡುಬಿದಿರೆ, ಬೆಳಗಾವಿ ಕಡೆಯ ಜೈನ ಕುಟುಂಬಗಳು ಜೀವಮಾನದಲ್ಲಿ ಒಮ್ಮೆಯಾದರೂ ಈ ಬೆಟ್ಟ ಹತ್ತಿ ಬರಬೇಕೆಂದು ಹಂಬಲಿಸುತ್ತವೆ. ಆದ್ದರಿಂದ ಈ ಪ್ಲಾಟ್‌ಫಾರಂನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ.

ಯಾತ್ರಿಕರನ್ನು ಇಳಿಸಿದ ರೈಲು ಮುಂದೆ ಸಾಗಿ ಕೋಡರ್ಮಾ ನಿಲ್ದಾಣ ಸೇರುತ್ತದೆ. ಇಲ್ಲಿ ಇಳಿಯುವ ಪ್ರವಾಸಿಗರು ಕಡಿಮೆ. ಇಳಿದು ಡೋಮ್‌ಚಾಂಚ್ ಕಡೆಗೋ ಕಾಡಂಚಿನ ಹಳ್ಳಿಗಳ ಕಡೆಗೋ ಹೊರಟವರಿಗೆ ಮಾತ್ರ ಒಂದು ವಿಚಿತ್ರ ಕಾಣುತ್ತದೆ. ಬಿಸಿಲೇರಿದಂತೆ ದಾರಿಯ ಮಣ್ಣು ಮಿನುಗತೊಡಗುತ್ತದೆ! ಗುಡ್ಡದ ಇಳಿಜಾರು, ಹೊಲದ ಬದು, ಗುಡಿಸಲಿನ ಅಂಗಳ, ಎಲ್ಲೆಲ್ಲೂ ಸಣ್ಣ ಸಣ್ಣ ಕನ್ನಡಿಚೂರು ಚೆಲ್ಲಿದಂತೆ ಹೊಳಪು.

ಕರ್ನಾಟಕದ ಹಳ್ಳಿಯ ಮಕ್ಕಳಿಗೂ ಈ ಹೊಳಪು ಅಪರಿಚಿತವಲ್ಲ. ಹೊಲದಲ್ಲಿ, ಹಳ್ಳದ ದಂಡೆಯಲ್ಲಿ ಸಿಗುವ ಮಿಂಚುವ ಕಲ್ಲನ್ನು ಉಗುರಿನಿಂದ ಕೆರೆದು, ಪದರ ಪದರವಾಗಿ ಬಿಡಿಸಿ ಆಟವಾಡಿದವರು ಬೇಕಾದಷ್ಟು ಮಂದಿ. ನಮ್ಮವರು ಅದಕ್ಕೆ ಇಟ್ಟ ಹೆಸರು ಕಾಗೆಬಂಗಾರ. ಬಂಗಾರದಂತೆ ಹೊಳೆದರೂ ಬಂಗಾರವಲ್ಲದ್ದು. ಪುಸ್ತಕದ ಭಾಷೆಯಲ್ಲಿ ಅಭ್ರಕ. ಅಂಗಡಿಯ ಭಾಷೆಯಲ್ಲಿ ಮೈಕಾ. ಆದರೆ ಕೋಡರ್ಮಾ ಮತ್ತು ಪಕ್ಕದ ಗಿರಿಡೀಹ್ ಜಿಲ್ಲೆಗಳ ಮಕ್ಕಳಿಗೆ ಇದು ಆಟದ ವಸ್ತುವಲ್ಲ, ಹೊಟ್ಟೆಪಾಡು. ಅವರು ಆರಿಸಿದ ಚೂರುಗಳು ಕಡಲು ದಾಟಿ, ಪುಡಿಯಾಗಿ, ಬಣ್ಣ ಬಳಿಸಿಕೊಂಡು ಐಷಾಡೋ, ಲಿಪ್‌ಸ್ಟಿಕ್, ನೇಲ್‌ಪಾಲಿಶ್‌ಗಳಲ್ಲಿ ಮಿನುಗುತ್ತವೆ. 'ಪರಿಸರಸ್ನೇಹಿ', 'ನೈಸರ್ಗಿಕ' ಎಂದು ಡಬ್ಬಿಯ ಮೇಲೆ ಬರೆದುಕೊಳ್ಳುವ ಸೌಂದರ್ಯ ಸಾಧನಗಳ ಕಂಪನಿಗಳನ್ನು ಪರೀಕ್ಷೆಗೆ ಒಡ್ಡಬೇಕೆಂದರೆ ಅದಕ್ಕೆ ಈ ಗುಡ್ಡಗಳಿಗಿಂತ ತಕ್ಕ ಜಾಗ ಸಿಗಲಾರದು.

ಹಾಡು ಕೇಳುತ್ತಿದ್ದ ಊರು

ಕೋಡರ್ಮಾ ನಿಲ್ದಾಣವಿರುವ ಪಟ್ಟಣದ ಹೆಸರು ಝುಮ್ರಿ ತಿಲೈಯಾ. ರೇಡಿಯೊ ಕೇಳಿ ಬೆಳೆದ ಹಿರಿಯರಿಗೆ ಈ ಹೆಸರು ಕೇಳಿದೊಡನೆ ಮುಖ ಅರಳುತ್ತದೆ. 1950ರ ದಶಕದಿಂದ ಮೂರು ದಶಕಗಳ ಕಾಲ ರೇಡಿಯೊ ಸಿಲೋನ್ ಮತ್ತು ವಿವಿಧ ಭಾರತಿಗೆ ಕೋರಿಕೆಯ ಕಾರ್ಡುಗಳು ಈ ಪುಟ್ಟ ಊರಿನಿಂದ ರಾಶಿ ರಾಶಿಯಾಗಿ ಹೋಗುತ್ತಿದ್ದವು. ಚಿತ್ರಗೀತೆಗೆ ಮುನ್ನ ನಿರೂಪಕರು ಓದುತ್ತಿದ್ದ ಹೆಸರುಗಳ ಪಟ್ಟಿಯಲ್ಲಿ ಝುಮ್ರಿ ತಿಲೈಯಾ ತಪ್ಪುತ್ತಲೇ ಇರಲಿಲ್ಲ. ಇಂಥ ಊರು ನಿಜವಾಗಿಯೂ ಇದೆಯೇ ಎಂದು ಅನುಮಾನಪಟ್ಟವರೂ ಇದ್ದರು. ಹಿಂದಿ ಸಿನಿಮಾದವರಿಗಂತೂ ಅದು ನಗೆಯ ಸರಕಾಯಿತು.

ಕಾರ್ಡಿಗೆ, ಅಂಚೆಗೆ ಇಷ್ಟೊಂದು ಹಣ ಚೆಲ್ಲುವ ಉತ್ಸಾಹಕ್ಕೆ ಆಧಾರವಾಗಿದ್ದುದು ಅಭ್ರಕದ ವ್ಯಾಪಾರವೇ. ವಿಶೇಷವೆಂದರೆ ಆ ರೇಡಿಯೊ ಪೆಟ್ಟಿಗೆಯ ಹೊಟ್ಟೆಯೊಳಗೂ ಅಭ್ರಕವಿತ್ತು. ಕಾಯಿಸಿದರೆ ಕರಗದ, ವಿದ್ಯುತ್ತನ್ನು ಹರಿಯಗೊಡದ, ಕಾಗದಕ್ಕಿಂತ ತೆಳ್ಳಗೆ ಸೀಳಬಹುದಾದ ಈ ಖನಿಜವಿಲ್ಲದೆ ಹಳೆಯ ಕಾಲದ ವಾಲ್ವುಗಳಾಗಲೀ ಕೆಪಾಸಿಟರುಗಳಾಗಲೀ ತಯಾರಾಗುತ್ತಿರಲಿಲ್ಲ. ರೇಡಿಯೊ ಅಲೆಗಳ ಸಂಶೋಧನೆಗೆ ಹೆಸರಾದ ಜಗದೀಶಚಂದ್ರ ಬೋಸರು 1937ರಲ್ಲಿ ಕೊನೆಯುಸಿರೆಳೆದದ್ದು ಇದೇ ಸೀಮೆಯ ಗಿರಿಡೀಹ್‌ನಲ್ಲಿ ಎಂಬುದೂ ಕಾಕತಾಳೀಯ.

ನಸುಗೆಂಪು ಛಾಯೆಯ ಇಲ್ಲಿನ 'ರೂಬಿ' ಅಭ್ರಕಕ್ಕೆ ಜಗತ್ತಿನಲ್ಲೇ ಬೇಡಿಕೆಯಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಮಾನ, ಹಡಗು, ಟ್ಯಾಂಕುಗಳ ಸಂಪರ್ಕ ಸಾಧನಗಳಿಗೆಲ್ಲ ಅಭ್ರಕ ಬೇಕಾಗಿ, ಬ್ರಿಟನ್ ಮತ್ತು ಅಮೆರಿಕ ಬಿಹಾರದ ಈ ಗುಡ್ಡಗಳತ್ತ ಕಣ್ಣಿಟ್ಟವು. ಗಣಿಯಿಂದ ಬಂದ ಹಲಗೆಗಳನ್ನು ಹೆಂಗಸರು ಕುಡುಗೋಲಿನಿಂದ ಅಂಚು ಕತ್ತರಿಸಿ, ಎಳೆ ಎಳೆಯಾಗಿ ಸೀಳಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತಿದ್ದರು. ಆ ಬೆರಳುಗಳ ನಾಜೂಕು ಯಂತ್ರಕ್ಕೂ ಬರುತ್ತಿರಲಿಲ್ಲ.

ಆಮೇಲೆ ಇಳಿಗಾಲ ಬಂತು. ಟ್ರಾನ್ಸಿಸ್ಟರ್ ಬಂದು ವಾಲ್ವು ಮೂಲೆ ಸೇರಿತು. ಅಭ್ರಕಕ್ಕೆ ಬದಲಿ ವಸ್ತುಗಳು ಹುಟ್ಟಿಕೊಂಡವು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಯಾಗಿ, ಕಾಡಿನೊಳಗೆ ಗಣಿಗಾರಿಕೆಗೆ ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. ಗುತ್ತಿಗೆಗಳು ನವೀಕರಣವಾಗಲಿಲ್ಲ. ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿಯಿತು. ಒಂದೊಂದಾಗಿ ಗಣಿಗಳು ಬಾಗಿಲು ಹಾಕಿದವು. ಝುಮ್ರಿ ತಿಲೈಯಾದ ಕೋರಿಕೆಯ ಕಾರ್ಡುಗಳೂ ನಿಂತವು.

ಢಿಬ್ರಾ ಆರಿಸುವವರು

ಕಾಗದದ ಮೇಲೆ ಗಣಿ ಮುಚ್ಚಿದರೂ ಮಣ್ಣಿನೊಳಗಿನ ಅಭ್ರಕ ಮುಗಿದಿರಲಿಲ್ಲ. ಹಿಂದಿನವರು ಬೇಡವೆಂದು ಎಸೆದ ಚೂರುಗಳೇ ಗುಡ್ಡವಾಗಿ ಬಿದ್ದಿದ್ದವು. ಇಲ್ಲಿನ ಜನ ಇದನ್ನು 'ಢಿಬ್ರಾ' ಎನ್ನುತ್ತಾರೆ. ಬೆಳಗಾದರೆ ಇಡೀ ಕುಟುಂಬವೇ ಬುಟ್ಟಿ, ಜರಡಿ, ಸುತ್ತಿಗೆ ಹಿಡಿದು ಕಾಡಿನತ್ತ ನಡೆಯುತ್ತದೆ. ಗಂಡಸರು ಇಲಿಬಿಲದಂತಹ ಕಿಂಡಿಗಳಲ್ಲಿ ಇಳಿದು ಅಗೆಯುತ್ತಾರೆ. ಹೆಂಗಸರು ಮಣ್ಣು ಜರಡಿ ಹಿಡಿಯುತ್ತಾರೆ. ಮಕ್ಕಳು ಮಿನುಗುವ ಚೂರುಗಳನ್ನು ಆರಿಸುತ್ತಾರೆ. ಸಂಜೆ ಹಳ್ಳಿಗೆ ಬರುವ ವ್ಯಾಪಾರಿ ತೂಗಿ, ಕಿಲೋಗೆ ಕೆಲವೇ ರೂಪಾಯಿ ಲೆಕ್ಕದಲ್ಲಿ ಕೊಂಡೊಯ್ಯುತ್ತಾನೆ. ಮಳೆಯಾಶ್ರಿತ ಬೇಸಾಯ ಒಂದು ಬೆಳೆಗೆ ಮುಗಿಯುವ ಈ ಸೀಮೆಯಲ್ಲಿ ವರ್ಷದ ಉಳಿದ ದಿನಗಳಿಗೆ ಇದೇ ಅನ್ನ.

ಕಿಂಡಿಗಳಿಗೆ ಆಧಾರದ ಮರದ ತೊಲೆಗಳಿಲ್ಲ. ಮಳೆಗಾಲದಲ್ಲಿ ಮಣ್ಣು ಸಡಿಲವಾಗಿ ಮೇಲಿನಿಂದ ಕುಸಿಯುತ್ತದೆ. ಸತ್ತವರ ಲೆಕ್ಕ ಪೊಲೀಸ್ ಠಾಣೆಯವರೆಗೆ ಬರುವುದು ಅಪರೂಪ. ಕೆಲಸವೇ ಅಕ್ರಮವಾದ್ದರಿಂದ ದೂರು ಕೊಟ್ಟರೆ ಇರುವ ಕೂಳೂ ಹೋದೀತೆಂಬ ಭಯ. 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ನಡೆಸಿದ ತನಿಖೆಯಲ್ಲಿ ಎರಡೇ ತಿಂಗಳಲ್ಲಿ ಏಳು ಮಕ್ಕಳು ಇಂಥ ಗುಂಡಿಗಳಲ್ಲಿ ಸತ್ತದ್ದು ಬೆಳಕಿಗೆ ಬಂತು. ಬದುಕಿ ಉಳಿದವರಿಗೆ ಬೇರೆ ಬಗೆಯ ಶಿಕ್ಷೆ. ಒಣ ಮಣ್ಣಿನ ದೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿ ಕೆಮ್ಮು, ಉಬ್ಬಸ, ಸಿಲಿಕೋಸಿಸ್.

ಕಾಡಿಗೂ ಸುಖವಿಲ್ಲ. ಸಾಲವೃಕ್ಷಗಳ ಬುಡದಲ್ಲೇ ತೋಡಿದ ಗುಂಡಿಗಳಿಂದ ಬೇರು ಸಡಿಲವಾಗುತ್ತದೆ. ಮೇಲ್ಮಣ್ಣು ಮಳೆನೀರಿನಲ್ಲಿ ಕೊಚ್ಚಿಹೋಗುತ್ತದೆ. ಗುತ್ತಿಗೆದಾರನೇ ಇಲ್ಲದ ಗಣಿಗೆ ಗುಂಡಿ ಮುಚ್ಚುವ, ಗಿಡ ನೆಡುವ ಹೊಣೆ ಹೊರುವವರು ಯಾರು? ಕಾಡನ್ನು ಉಳಿಸಲೆಂದು ತಂದ ಕಾಯ್ದೆ ಲೆಕ್ಕಕ್ಕೆ ಸಿಗುವ ಗಣಿಯನ್ನು ನಿಲ್ಲಿಸಿತು. ಲೆಕ್ಕಕ್ಕೆ ಸಿಗದ ಗಣಿ ಅದೇ ಕಾಡಿನಲ್ಲಿ ಉಳಿದುಕೊಂಡಿತು.

ಗುಡ್ಡದಿಂದ ಕನ್ನಡಿಯವರೆಗೆ

ಢಿಬ್ರಾ ಚೂರಿನ ಪ್ರಯಾಣ ಕುತೂಹಲಕರ. ಹಳ್ಳಿಯ ವ್ಯಾಪಾರಿಯಿಂದ ಅದು ಕೋಡರ್ಮಾ, ಗಿರಿಡೀಹ್‌ಗಳ ಗೋದಾಮು ಸೇರುತ್ತದೆ. ಅಲ್ಲಿಂದ ರಫ್ತುದಾರರ ಕೈಗೆ. ಹೆಚ್ಚಿನ ಪಾಲು ಹೋಗುವುದು ಚೀನಾಕ್ಕೆ. ಅಲ್ಲಿ ಅರೆದು, ತೊಳೆದು, ನುಣ್ಣಗಿನ ಪುಡಿಯಾಗುತ್ತದೆ. ಮುಂದೆ ಬಣ್ಣದ ಕಾರ್ಖಾನೆಗಳಲ್ಲಿ ಒಂದೊಂದು ಕಣದ ಮೇಲೂ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳುವಾದ ಲೇಪ. ಲೇಪದ ದಪ್ಪ ತುಸು ಬದಲಾದರೆ ಸಾಕು, ಬೆಳ್ಳಿಯ ಹೊಳಪು ಬಂಗಾರವಾಗುತ್ತದೆ, ಬಂಗಾರ ಕೆಂಪಾಗುತ್ತದೆ, ಕೆಂಪು ನೀಲಿಯಾಗುತ್ತದೆ! ಕಬ್ಬಿಣದ ಆಕ್ಸೈಡ್ ಬಳಿದರೆ ತಾಮ್ರ, ಕಂಚಿನ ಛಾಯೆ. ಕೊನೆಗೆ ಸೌಂದರ್ಯ ಸಾಧನಗಳ ಕಂಪನಿ ಕೊಳ್ಳುವುದು ಈ ಬಣ್ಣದ ಪುಡಿಯನ್ನು; ಅಭ್ರಕವನ್ನಲ್ಲ. ಆ ಹೊತ್ತಿಗೆ ಅದು ಐದಾರು ಕೈ ದಾಟಿರುತ್ತದೆ.

ಈ ದಾರಿಯಲ್ಲಿ ಎಲ್ಲಿ ಗಂಟು ಬೀಳುತ್ತದೆ? ಗೋದಾಮಿನಲ್ಲಿ. ಪರವಾನಗಿ ಇರುವ ಗಣಿಯ ಸರಕೂ ಕಾಡಿನ ಢಿಬ್ರಾವೂ ಅಲ್ಲಿ ಒಂದೇ ರಾಶಿಯಾಗುತ್ತವೆ. ಬೇರೆ ಕಡೆಯ ಸಕ್ರಮ ಗಣಿಗಳ ಹೆಸರಿನಲ್ಲಿ ಕಾಗದಪತ್ರ ಸಿದ್ಧವಾಗುತ್ತದೆ ಎಂದು ತನಿಖಾ ವರದಿಗಳು ಹೇಳಿವೆ. ಇದಕ್ಕೆ ಸರ್ಕಾರಿ ಅಂಕಿಅಂಶಗಳೇ ಸಾಕ್ಷಿ. 2013-14ರಲ್ಲಿ ಭಾರತದ ಅಧಿಕೃತ ಅಭ್ರಕ ಉತ್ಪಾದನೆ ಸುಮಾರು 19,000 ಟನ್. ಅದೇ ಅವಧಿಯಲ್ಲಿ ರಫ್ತಾದದ್ದು ಸುಮಾರು 1,28,000 ಟನ್! ಹಟ್ಟಿಯಲ್ಲಿ ಒಂದೇ ಹಸುವಿದ್ದರೂ ಡೇರಿಗೆ ಆರೇಳು ಹಸುಗಳ ಹಾಲು ಹಾಕಿದಂತೆ ಈ ಲೆಕ್ಕ.

ಕೊಳ್ಳುವವರ ಕೈಯಲ್ಲಿರುವ ಡಬ್ಬಿಯ ಹಿಂಬದಿಯಲ್ಲಿ ಕಾಣುವುದು ಒಂದು ಪದ, 'ಮೈಕಾ', ಇಲ್ಲವೇ 'ಸಿ.ಐ. 77019' ಎಂಬ ಸಂಖ್ಯೆ. ಯಾವ ದೇಶದ್ದು, ಯಾವ ಗಣಿಯದು, ಯಾರು ಆರಿಸಿದ್ದು ಎಂದು ಹೇಳಬೇಕೆಂಬ ಕಾನೂನು ಇಲ್ಲ. ಡಬ್ಬಿಯ ಮುಂಭಾಗದಲ್ಲಿರುವ 'ನೈಸರ್ಗಿಕ' ಎಂಬ ಮಾತು ಸುಳ್ಳೂ ಅಲ್ಲ. ಮಣ್ಣಿನಿಂದ ಬಂದದ್ದು ನೈಸರ್ಗಿಕವೇ ತಾನೇ? ಪ್ಲಾಸ್ಟಿಕ್ಕಿನ ಮಿಂಚುಪುಡಿ ಸಮುದ್ರ ಸೇರಿ ಮೀನಿನ ಹೊಟ್ಟೆ ಹೊಕ್ಕುತ್ತದೆಂದು 2023ರಲ್ಲಿ ಐರೋಪ್ಯ ಒಕ್ಕೂಟ ಅದರ ಮಾರಾಟಕ್ಕೆ ಕಡಿವಾಣ ಹಾಕಿತು. ಪ್ಲಾಸ್ಟಿಕ್ಕಿಗೆ ಬದಲಾಗಿ ಅಭ್ರಕ ಬಳಸಿದರೆ ಕಡಲಿಗೆ ಒಳ್ಳೆಯದೇ. ಆದರೆ ಕಡಲಿಗೆ ಒಳ್ಳೆಯದಾದದ್ದು ಕೋಡರ್ಮಾದ ಗುಡ್ಡಕ್ಕೂ ಒಳ್ಳೆಯದೆಂದು ಹೇಳಲಾಗದು.

ಬಿಟ್ಟವರು, ಉಳಿದವರು

ಪತ್ರಿಕೆಗಳಲ್ಲಿ ಮಕ್ಕಳ ಚಿತ್ರಗಳು ಬಂದ ಮೇಲೆ ಕಂಪನಿಗಳು ಸುಮ್ಮನಿರಲಾಗಲಿಲ್ಲ. ಅವು ಹಿಡಿದ ದಾರಿಗಳು ಎರಡು.

ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ 1995ರಲ್ಲಿ ಆರಂಭವಾದ ಲಷ್ ಕಂಪನಿ ಮೊದಲ ದಾರಿ ಹಿಡಿಯಿತು. ಸಾಬೂನು, ಸ್ನಾನದ ಬಣ್ಣದುಂಡೆಗಳಿಗೆ ಹೆಸರಾದ ಈ ಕಂಪನಿ ನೈಸರ್ಗಿಕ ಅಭ್ರಕದ ಸಹವಾಸವೇ ಬೇಡವೆಂದು 2014ರಲ್ಲಿ ತೀರ್ಮಾನಿಸಿತು. ಆದರೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಪೂರೈಕೆದಾರರಿಂದ ಬರುತ್ತಿದ್ದ ಕೆಲವು ಹೊಳಪಿನ ಪುಡಿಗಳಲ್ಲಿ ಗಣಿಯ ಅಭ್ರಕ ಇನ್ನೂ ಇದೆಯೆಂಬುದು ಆಮೇಲೆ ಗೊತ್ತಾಯಿತು. ಪೂರ್ತಿಯಾಗಿ ಕೃತಕ ಅಭ್ರಕಕ್ಕೆ ಬದಲಾಗುವಷ್ಟರಲ್ಲಿ 2018 ಬಂತು. ತನ್ನದೇ ಡಬ್ಬಿಯಲ್ಲಿ ಏನಿದೆ ಎಂಬುದು ಒಳ್ಳೆಯ ಮನಸ್ಸಿನ ಕಂಪನಿಗೂ ಸುಲಭವಾಗಿ ತಿಳಿಯುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ. ತಪ್ಪನ್ನು ಮುಚ್ಚಿಡದೆ ಹೇಳಿಕೊಂಡದ್ದು ಆ ಕಂಪನಿಯ ಲೆಕ್ಕಕ್ಕೆ ಸೇರಬೇಕಾದ ಒಳ್ಳೆಯ ಅಂಶ.

ಕೃತಕ ಅಭ್ರಕವೂ ಆಕಾಶದಿಂದ ಉದುರುವುದಿಲ್ಲ. ಖನಿಜಗಳ ಮಿಶ್ರಣವನ್ನು ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಕರಗಿಸಿ, ನಿಧಾನವಾಗಿ ಆರಿಸಿ ಹರಳುಗಟ್ಟಿಸಬೇಕು. ಅದಕ್ಕೆ ಸುರಿಯುವ ವಿದ್ಯುತ್ತು ಅಪಾರ. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ ಹೊಗೆಯ ಲೆಕ್ಕ ಬೇರೆ. ಹೆಚ್ಚು ಶುದ್ಧ, ಹೆಚ್ಚು ಹೊಳಪು ಎಂಬುದು ನಿಜ. ಡಬ್ಬಿಯ ಮೇಲೆ ಇದನ್ನು 'ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್' ಎಂದು ನಮೂದಿಸುತ್ತಾರೆ.

ಎರಡನೆಯ ದಾರಿ ಉಳಿದುಕೊಂಡವರದು. ಫ್ರಾನ್ಸಿನ ಲೋರಿಯಾಲ್ ಕಂಪನಿ ಭಾರತದ ಅಭ್ರಕ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ತಾವು ಹೊರನಡೆದರೆ ಇಲ್ಲಿನ ಬಡವರ ಸ್ಥಿತಿ ಇನ್ನಷ್ಟು ಹದಗೆಡುತ್ತದೆ ಎಂಬುದು ಅದರ ವಾದ. 2017ರಲ್ಲಿ ಲೋರಿಯಾಲ್, ಜರ್ಮನಿಯ ಮರ್ಕ್ ಮುಂತಾದವು ಸೇರಿ ಪ್ಯಾರಿಸ್‌ನಲ್ಲಿ 'ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್' ಎಂಬ ಒಕ್ಕೂಟ ಕಟ್ಟಿದವು. 2022ರೊಳಗೆ ಬಾಲಕಾರ್ಮಿಕ ಪದ್ಧತಿಯನ್ನು ತೊಡೆದುಹಾಕುವುದು ಗುರಿಯಾಗಿತ್ತು. ಆ ವರ್ಷ ಬಂದು ಹೋಯಿತು. ಗುರಿ 2030ಕ್ಕೆ ಮುಂದೆ ಸರಿಯಿತು. ಹಳ್ಳಿಗಳಲ್ಲಿ ಶಾಲೆ, ಆರೋಗ್ಯ, ಬೇರೆ ದುಡಿಮೆಯ ಕೆಲಸಗಳು ನಡೆದದ್ದು ಸುಳ್ಳಲ್ಲ. ಆದರೆ ಕಂಪನಿಗಳೇ ಕಟ್ಟಿಕೊಂಡ ಸಂಸ್ಥೆ ಕಂಪನಿಗಳಿಗೆ ಎಷ್ಟು ಬಿಗಿಯಾಗಿ ಅಂಕ ಹಾಕೀತು ಎಂಬ ಪ್ರಶ್ನೆ ಉಳಿದೇ ಇದೆ.

ಇನ್ನೊಂದು ತೊಡಕೂ ಉಂಟು. ಹೊಳಪಿನ ಬಣ್ಣಗಳ ತಯಾರಿಕೆಯಲ್ಲಿ ದೊಡ್ಡ ಹೆಸರು ಮಾಡಿದ್ದ ಮರ್ಕ್ ಕಂಪನಿ ಈ ಸೀಮೆಯಲ್ಲಿ ಶಾಲೆಗಳಿಗೂ ನೆರವಾಗಿತ್ತು. 2024ರಲ್ಲಿ ಅದು ತನ್ನ ಬಣ್ಣಗಳ ವಿಭಾಗವನ್ನು ಚೀನಾ ಮೂಲದ ಕಂಪನಿಗೆ ಮಾರುವುದಾಗಿ ಪ್ರಕಟಿಸಿತು. ಕಾರ್ಖಾನೆ ಕೈ ಬದಲಾಯಿಸಿದಾಗ ಕೊಟ್ಟ ಮಾತುಗಳೂ ಜೊತೆಗೆ ಹೋಗುತ್ತವೆಯೇ ಎಂಬುದನ್ನು ಹೊಸ ಮಾಲೀಕರು ತೋರಿಸಬೇಕು.

ತೂಗುವುದು ಹೇಗೆ?

ಹಾಗಾದರೆ ಯಾರು ಸರಿ? ಹಳ್ಳಿಯ ಅಂಗಳದಲ್ಲಿ ನಿಂತು ನೋಡಿದರೆ ಉತ್ತರ ಅಷ್ಟು ಸಲೀಸಲ್ಲ. ಬಿಟ್ಟು ಹೋದವರ ಡಬ್ಬಿ ಶುಚಿಯಾಯಿತು. ಆದರೆ ಢಿಬ್ರಾ ಆರಿಸುವವಳ ಬುಟ್ಟಿಯನ್ನು ಮತ್ತೊಬ್ಬ ವ್ಯಾಪಾರಿ ಇನ್ನೂ ಕಡಿಮೆ ಬೆಲೆಗೆ ಕೊಂಡುಕೊಂಡ. ಅಭ್ರಕಕ್ಕೆ ಸೌಂದರ್ಯ ಸಾಧನಗಳವರು ಮಾತ್ರ ಗಿರಾಕಿಗಳಲ್ಲ. ಕಾರುಗಳ ಬಣ್ಣ, ವಿದ್ಯುತ್ ಉಪಕರಣ, ಕಟ್ಟಡ ಸಾಮಗ್ರಿಗಳಿಗೂ ಅದು ಬೇಕು. ಹೆಸರಿಗೆ ಹೆದರುವ ಗಿರಾಕಿ ಹೋದರೆ ಹೆದರದ ಗಿರಾಕಿ ಬರುತ್ತಾನೆ. ಉಳಿದುಕೊಂಡವರ ಮಾತು ನಿಜವಾಗಬೇಕಾದರೆ ಅವರು ಕೊಡುವ ಬೆಲೆ ಆರಿಸುವವಳ ಕೈಗೂ ತಲುಪಬೇಕು. ಶಾಲೆ ಕಟ್ಟಿಸುವುದು ಒಳ್ಳೆಯದು. ಆದರೆ ತಾಯಿಯ ಬುಟ್ಟಿಗೆ ನ್ಯಾಯವಾದ ಬೆಲೆ ಸಿಕ್ಕರೆ ಮಗು ತಾನಾಗಿಯೇ ಶಾಲೆಗೆ ಹೋಗುತ್ತದೆ.

ಆದ್ದರಿಂದ ಒಂದು ಕಂಪನಿಯನ್ನು ತೂಗುವವರು ಕೇಳಬೇಕಾದ ಪ್ರಶ್ನೆಗಳು ಸರಳ. ಹೊಳಪಿನ ಪುಡಿ ಯಾವ ಕಾರ್ಖಾನೆಯಿಂದ ಬಂತು ಎಂದಷ್ಟೇ ಅದು ಹೇಳುತ್ತದೆಯೋ, ಗಣಿಯ ಹೆಸರನ್ನೂ ಹೇಳುತ್ತದೆಯೋ? ಪರಿಶೀಲನೆ ನಡೆಸಿದವರು ಹೊರಗಿನವರೋ, ಕಂಪನಿ ಸಂಬಳ ಕೊಟ್ಟು ಕಳಿಸಿದವರೋ? ಮೊದಲೇ ಹೇಳಿ ಹೋದದ್ದೋ, ಹೇಳದೆ ಹೋದದ್ದೋ? ವರದಿಯಲ್ಲಿ ಕಂಡ ಕೊರತೆಗಳನ್ನೂ ಪ್ರಕಟಿಸುತ್ತದೆಯೋ, ನಗುವ ಮಕ್ಕಳ ಚಿತ್ರಗಳನ್ನು ಮಾತ್ರವೋ? ಗಡುವು ತಪ್ಪಿದಾಗ ತಪ್ಪಿತೆಂದು ಒಪ್ಪಿಕೊಂಡಿದೆಯೋ? 'ನೂರಕ್ಕೆ ನೂರು ಶುದ್ಧ' ಎಂದು ಎದೆ ತಟ್ಟಿಕೊಳ್ಳುವ ಕಂಪನಿಗಿಂತ, ಇಲ್ಲಿಯವರೆಗೆ ಪತ್ತೆ ಮಾಡಿದ್ದೇವೆ, ಇನ್ನು ಮುಂದಿನದು ಗೊತ್ತಾಗಿಲ್ಲ ಎಂದು ಹೇಳುವ ಕಂಪನಿಯ ಮಾತನ್ನು ಹೆಚ್ಚು ನಂಬಬಹುದು.

ಸರ್ಕಾರದ ಪಾಲೂ ಕಡಿಮೆಯಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಅಭ್ರಕವನ್ನು ಕಿರುಖನಿಜಗಳ ಪಟ್ಟಿಗೆ ಸೇರಿಸಿ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಢಿಬ್ರಾ ಆರಿಸುವವರನ್ನು ಸಹಕಾರ ಸಂಘಗಳಾಗಿ ಕಟ್ಟಿ, ಅವರ ಕೆಲಸವನ್ನು ಕಾನೂನಿನ ಚೌಕಟ್ಟಿಗೆ ತರುವ ಪ್ರಯತ್ನವನ್ನು ಜಾರ್ಖಂಡ ಸರ್ಕಾರ ನಂತರದ ವರ್ಷಗಳಲ್ಲಿ ಆರಂಭಿಸಿತು. ಕೆಲಸ ಸಕ್ರಮವಾದರೆ ತೂಕಕ್ಕೆ ರಸೀದಿ ಸಿಗುತ್ತದೆ, ಕೂಲಿಗೆ ನಿಯಮ ಬರುತ್ತದೆ, ಗುಂಡಿ ಕುಸಿದರೆ ದೂರು ಕೊಡಲು ಧೈರ್ಯ ಬರುತ್ತದೆ. ಕಂಪನಿಗಳು ಹೇಳುವ ಪಾರದರ್ಶಕತೆಯ ಮೊದಲ ಹಾಳೆ ಆ ರಸೀದಿಯೇ.

ಅಂಗಳದಲ್ಲಿ ಶಾಲೆ

ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಸಮೀಕ್ಷೆಯ ಪ್ರಕಾರ ಜಾರ್ಖಂಡದ ಅಭ್ರಕ ಸೀಮೆಯಲ್ಲಿ 6ರಿಂದ 14 ವರ್ಷದೊಳಗಿನ 4,545 ಮಕ್ಕಳು ಶಾಲೆಯಿಂದ ಹೊರಗಿದ್ದರು. ಆ ಸಂಗತಿ ಪ್ರಕಟವಾದದ್ದು 2019ರಲ್ಲಿ. ಸಂಖ್ಯೆಯ ಹಿಂದೆ ಇರುವ ಮುಖಗಳು ಒಂದೊಂದಾಗಿ ಬದಲಾದದ್ದೂ ಉಂಟು. 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕೈಲಾಶ್ ಸತ್ಯಾರ್ಥಿಯವರ ಸಂಸ್ಥೆ ಈ ಭಾಗದ ಹಳ್ಳಿಗಳನ್ನು 'ಬಾಲ ಮಿತ್ರ ಗ್ರಾಮ'ಗಳನ್ನಾಗಿ ಮಾಡುವ ಕೆಲಸ ಕೈಗೊಂಡಿತು. ಮಕ್ಕಳದೇ ಪಂಚಾಯಿತಿ, ಶಾಲೆ ಬಿಟ್ಟವರನ್ನು ಮನೆ ಮನೆಗೆ ಹೋಗಿ ಕರೆತರುವ ಮಕ್ಕಳದೇ ಮೆರವಣಿಗೆ. ಢಿಬ್ರಾ ಆರಿಸಿ ಬೆಳೆದ ಗಿರಿಡೀಹ್ ಜಿಲ್ಲೆಯ ಹುಡುಗನೊಬ್ಬ ಶಾಲೆ ಸೇರಿ ಓದಿ, ತನ್ನ ಹಳ್ಳಿಯ ಬಡಮಕ್ಕಳಿಗೆ ತಾನೇ ಪಾಠ ಹೇಳತೊಡಗಿದ. 2020ರಲ್ಲಿ ಅವನಿಗೆ ಬ್ರಿಟನ್ನಿನ ಡಯಾನಾ ಪ್ರಶಸ್ತಿ ಬಂತು.

ಸಂಜೆಯಾದಂತೆ ತಿಲೈಯಾ ಅಣೆಕಟ್ಟಿನ ನೀರು ಬೆಳ್ಳಿಯ ತಗಡಿನಂತಾಗುತ್ತದೆ. ಬರಾಕರ್ ನದಿಗೆ ಕಟ್ಟಿದ, 1953ರಲ್ಲಿ ಉದ್ಘಾಟನೆಯಾದ ಈ ಅಣೆಕಟ್ಟೆ ದಾಮೋದರ ಕಣಿವೆ ಯೋಜನೆಯ ಮೊದಲ ಕೂಸು. ಪ್ರವಾಸಿಗರು ದೋಣಿ ವಿಹಾರಕ್ಕೆ ಬರುವುದು ಇಲ್ಲಿಗೇ. ಇನ್ನೊಂದು ಕಡೆ, ಕಾಡಿನ ದಾರಿಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ಇಳಿದು ಬರುತ್ತಾರೆ. ಅವರ ಕೈಗಳ ಮೇಲೆ, ಕೆನ್ನೆಯ ಮೇಲೆ, ಸೆರಗಿನ ಅಂಚಿನಲ್ಲಿ ಅಭ್ರಕದ ಪುಡಿ ಅಂಟಿರುತ್ತದೆ. ನಗರದ ಮದುವೆಮನೆಯಲ್ಲಿ ದುಡ್ಡು ಕೊಟ್ಟು ಬಳಿಸಿಕೊಳ್ಳುವ ಹೊಳಪೇ ಅದು. ಬಾವಿಕಟ್ಟೆಗೆ ಬಂದ ಅವರು ಮೊದಲು ಮಾಡುವ ಕೆಲಸವೆಂದರೆ ನೀರು ಸೇದಿ ಅದನ್ನು ತೊಳೆದುಕೊಳ್ಳುವುದು.